ಕಾರಿನ ಗೀರು ಹೋಗದಿದ್ರೂ ಕಾಣದಂಗೆ ಮಾಡೋದು: ಗ್ಲೇಜ್, ವ್ಯಾಕ್ಸ್ ಹಾಕೋ ರೀತಿ

ಮೊದ್ಲು ಒಂದು ವಿಷ್ಯ ಕ್ಲಿಯರ್ ಮಾಡ್ಕೊಂಡ್ಬಿಡೋಣ. ವ್ಯಾಕ್ಸ್ ಹಚ್ಚಿದ್ರೆ ಗೀರು ಹೋಗಲ್ಲ, ಗ್ಲೇಜ್ ಅಂತ ಬರೋ ಎಣ್ಣೆ ಎಣ್ಣೆ ಕ್ರೀಮ್ ಹಚ್ಚಿದ್ರೂ ಹೋಗಲ್ಲ, ಎರಡೂ ಗೀರಿನೊಳಗೆ ಕೂತ್ಕೊಂಡು ಅದನ್ನ ಮುಚ್ತವೆ ಅಷ್ಟೇ. ನಿಜವಾಗ್ಲೂ ಹೋಗ್ಬೇಕು ಅಂದ್ರೆ ಮಷಿನ್ ಹಿಡಿದು ಕಾಂಪೌಂಡ್ ಅನ್ನೋ ಉಜ್ಜೋ ಪೇಸ್ಟ್ ಹಾಕಿ ಪೇಂಟಿನ ಮೇಲಿನ ಪದರಾನೇ ತೆಳ್ಳಗೆ ಉಜ್ಜಿ ತೆಗೀಬೇಕು. ಹಂಗಂತ ಮುಚ್ಚೋದನ್ನ ಕಾರ್ ಪಾಲಿಶ್ ಮಾಡೋ ಡೀಟೇಲಿಂಗ್ ಅಂಗಡಿಯವ್ರು ಏನೋ ಕಳ್ಳ ಕೆಲ್ಸ ಅನ್ನೋ ತರ ಮೂಗು ಮುರೀತಾರಲ್ಲ, ಅದನ್ನ ನಾನು ಒಪ್ಪಲ್ಲ. ದಿನಾ ಆಫೀಸಿಗೆ ಓಡೋ ಕಾರು, ರೋಡ್ ಸೈಡಲ್ಲೋ ಬೇಸ್ಮೆಂಟಲ್ಲೋ ನಿಲ್ಲೋ ಕಾರು, ಬೆಳಿಗ್ಗೆ ಯಾರೋ ಬಂದು ಒದ್ದೆ ಬಟ್ಟೆಲಿ ಒರೆಸಿ ಹೋಗೋ ಕಾರು, ಇದಕ್ಕೆ ವರ್ಷ ವರ್ಷ ಪಾಲಿಶ್ ಹೊಡೆಸಿ ಪೇಂಟ್ ಸವೆಸೋದಕ್ಕಿಂತ ಮುಚ್ಚಿಟ್ಕೊಳ್ಳೋದೇ ವಾಸಿ.

ಲೆಕ್ಕ ನೋಡಿ. ಈಗಿನ ಕಾರುಗಳಲ್ಲಿ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಪಾರದರ್ಶಕ ಪದರ ಒಂದು ಇರತ್ತೆ. ಆ ಕ್ಲಿಯರ್ ಕೋಟ್ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಅಂದ್ರೆ ನಮ್ಮ ತಲೆಕೂದಲಿನ ದಪ್ಪಕ್ಕಿಂತ ಕಮ್ಮಿನೇ. ಬಿಸಿಲಿಂದ ಪೇಂಟನ್ನ ಕಾಯೋದು ಇದೇ ಪದರ, ಹೊಳಪು ಕೊಡೋದೂ ಇದೇ. ಒಂದೊಂದ್ಸಲ ಜೋರಾಗಿ ಕಾಂಪೌಂಡ್ ಹೊಡೆದಾಗ್ಲೂ ಕೆಲವು ಮೈಕ್ರಾನ್ ಹೋಗತ್ತೆ, ಹೋಗಿದ್ದು ವಾಪಸ್ ಬರಲ್ಲ, ತೀರಾ ತೆಳ್ಳಗಾದ್ರೆ ಕೆಲವು ವರ್ಷಕ್ಕೆ ರೂಫ್ ಮೇಲೆ, ಬಾನೆಟ್ ಮೇಲೆ ಬೆಳ್ಳಗೆ ಸಿಪ್ಪೆ ಏಳೋಕೆ ಶುರುವಾಗತ್ತೆ, ಅಂಥ ಹಳೇ ಕಾರು ನೀವೂ ಸಿಗ್ನಲಲ್ಲಿ ನೋಡಿರ್ತೀರಾ. ಆಮೇಲೆ ಉಳಿಯೋ ದಾರಿ ರೀಪೇಂಟ್ ಒಂದೇ. ಇನ್ನೊಂದು ಕಡೆ ಒಂದು ಗ್ಲೇಜು, ಒಂದು ಡಬ್ಬಿ ಕಾರ್ನೌಬ ವ್ಯಾಕ್ಸು, ನಾಕು ಒಳ್ಳೆ ಬಟ್ಟೆ ತಗೊಂಡ್ರೆ ಒಂದು ಫುಲ್ ಟ್ಯಾಂಕ್ ಪೆಟ್ರೋಲಿಗೆ ಆಗೋ ದುಡ್ಡೊಳಗೆ ಮುಗಿಯತ್ತೆ, ವರ್ಷಕ್ಕೂ ಮೀರಿ ಬರತ್ತೆ, ಪೇಂಟಿಂದ ಒಂದು ಮೈಕ್ರಾನೂ ಹೋಗಲ್ಲ.

ಈಗ ಸ್ವರ್ಲ್ ಅಂದ್ರೆ ಏನು ಅಂತ. ರಾತ್ರಿ ಪೆಟ್ರೋಲ್ ಬಂಕಿನ ಎಲ್‌ಇಡಿ ಲೈಟ್ ಕೆಳಗೆ ಕಪ್ಪು ಕಾರು ನಿಲ್ಲಿಸಿದಾಗ ಲೈಟಿನ ಸುತ್ತ ಜೇಡರ ಬಲೆ ತರ ಗೆರೆಗಳು ಕಾಣ್ತವಲ್ಲ, ಅದೇ. ಎಲ್ರೂ ತಿಳ್ಕೊಳ್ಳೋದು ಯಾರೋ ರೌಂಡ್ ರೌಂಡಾಗಿ ಉಜ್ಜಿದಾರೆ ಅಂತ. ಹಂಗಲ್ಲ. ಆ ಗೀರುಗಳು ಎಲ್ಲಾ ದಿಕ್ಕಿಗೂ ಅಡ್ಡಾದಿಡ್ಡಿ ಬಿದ್ದಿರ್ತವೆ, ಆದ್ರೆ ಲೈಟಿನ ಸುತ್ತ ಅಡ್ಡಕ್ಕೆ ಬರೋ ಗೀರುಗಳು ಮಾತ್ರ ನಮ್ಮ ಕಣ್ಣಿನ ಕಡೆ ಬೆಳಕು ಎಸೀತವೆ, ಅದಕ್ಕೇ ಸುತ್ತಿನ ಆಕಾರ. ನಂಬಿಕೆ ಇಲ್ಲಾಂದ್ರೆ ಮೊಬೈಲ್ ಟಾರ್ಚ್ ಹಾಕಿ ಬಾನೆಟ್ ಮೇಲೆ ಆಕಡೆ ಈಕಡೆ ಓಡಾಡಿಸಿ, ಸುತ್ತುಗಳೂ ಟಾರ್ಚ್ ಜೊತೆನೇ ಓಡಾಡ್ತವೆ. ಹಂಗಾಗಿ ನೇರ ಗೆರೆ ತರ ಉಜ್ಜಿದ್ರೆ ಸ್ವರ್ಲ್ ಬರಲ್ಲ ಅನ್ನೋದು ಪೂರ್ತಿ ನಿಜ ಅಲ್ಲ, ಧೂಳಿನ ಮೇಲೆ ಹೆಂಗೆ ಉಜ್ಜಿದ್ರೂ ಗೀರು ಬಿದ್ದೇ ಬೀಳತ್ತೆ. ಬಿಳಿ, ಸಿಲ್ವರ್ ಕಾರಲ್ಲೂ ಇಷ್ಟೇ ಇರ್ತವೆ, ಕಣ್ಣಿಗೆ ಬೀಳಲ್ಲ ಅಷ್ಟೇ. ಕಪ್ಪು, ಡಾರ್ಕ್ ಬ್ಲೂ, ಗಾಢ ಕೆಂಪು ತಗೊಂಡೋರು ಅನುಭವಿಸ್ಬೇಕು. ಬಿಳಿ ಕಾರಿರೋರು ಗ್ಲೇಜ್ ತಗೊಳ್ಳೋಕೇ ಹೋಗ್ಬೇಡಿ, ನೇರ ವ್ಯಾಕ್ಸ್ ಹಾಕಿ ಸಾಕು.

ಗೀರು ಮುಚ್ಚೋಕಾಗತ್ತೋ ಇಲ್ವೋ ಅಂತ ದುಡ್ಡು ಖರ್ಚು ಮಾಡೋಕೆ ಮುಂಚೆನೇ ತಿಳ್ಕೊಳ್ಳೋಕೆ ಒಂದು ಸುಲಭ ಪರೀಕ್ಷೆ ಇದೆ, ಆ ಜಾಗಕ್ಕೆ ನೀರು ಹಾಕಿ ನೋಡಿ. ಕಾರ್ ತೊಳೆದಾಗ ಒದ್ದೆ ಇರೋ ತನಕ ಹೊಸ ಕಾರ್ ತರ ಇದ್ದು ಒಣಗಿದ್ಮೇಲೆ ಗೀರುಗಳೆಲ್ಲ ಮತ್ತೆ ಎದ್ದು ಬರ್ತವೆ, ಗಮನಿಸಿದೀರಾ? ಗೀರಿನೊಳಗೆ ಗಾಳಿ ಇದ್ದಾಗ ಅದರ ಅಂಚಲ್ಲಿ ಬೆಳಕು ಚೆಲ್ಲಾಪಿಲ್ಲಿ ಆಗತ್ತೆ, ಗಾಳಿ ಜಾಗದಲ್ಲಿ ನೀರು ತುಂಬಿದ್ರೆ ಬೆಳಕು ಬಾಗೋ ಪ್ರಮಾಣ ಕ್ಲಿಯರ್ ಕೋಟಿಗೆ ಹತ್ರ ಬರತ್ತೆ, ಗೀರು ಮಾಯ. ಗ್ಲೇಜಲ್ಲಿರೋ ಎಣ್ಣೆ, ಮೇಣ ಇವೆಲ್ಲ ನೀರಿಗಿಂತಲೂ ಕ್ಲಿಯರ್ ಕೋಟಿಗೆ ಹತ್ರ, ಜೊತೆಗೆ ಬೇಗ ಆರಿ ಹೋಗಲ್ಲ, ಅಷ್ಟೇ ಅದರ ಗುಟ್ಟು. ಸೋ ನೀರು ಹಾಕಿದಾಗ ಪೂರ್ತಿ ಕಾಣೆಯಾದ ಗೀರನ್ನ ಗ್ಲೇಜ್ ಮುಚ್ಚತ್ತೆ. ಒದ್ದೆ ಇದ್ದಾಗ್ಲೂ ಬೆಳ್ಳಗೆ ಕಾಣ್ತಿದ್ರೆ, ಉಗುರು ಎಳೆದಾಗ ಸಿಕ್ಕಾಕೊಂಡ್ರೆ, ಅದು ಬಹುಶಃ ಕ್ಲಿಯರ್ ಕೋಟ್ ದಾಟಿ ಬಣ್ಣಕ್ಕೋ ಪ್ರೈಮರಿಗೋ ಇಳಿದಿದೆ ಅಂತ, ಅದಕ್ಕೆ ಟಚ್‌ಅಪ್ ಪೇಂಟೇ ಗತಿ. ಗೇಟಿಗೆ ತಾಗ್ಸಿದ್ದು, ಬೈಕಿನ ಹ್ಯಾಂಡಲ್ ಉಜ್ಜಿದ್ದು, ಬೀದಿ ನಾಯಿ ಬಾನೆಟ್ ಹತ್ತಿ ಉಗುರು ಎಳೆದಿದ್ದು, ಇವು ಬಹುಪಾಲು ಎರಡನೇ ಜಾತಿಗೆ ಸೇರ್ತವೆ. ತಗಡು ಕಾಣ್ತಿದ್ರೆ ಮಾತ್ರ ಮುಂದೂಡ್ಬೇಡಿ, ಕರಾವಳಿ ಕಡೆ ಆದ್ರೆ ತುಕ್ಕು ಒಂದು ಮಳೆಗಾಲ ಕಾಯಲ್ಲ.

ಗ್ಲೇಜಿಗೂ ವ್ಯಾಕ್ಸಿಗೂ ವ್ಯತ್ಯಾಸ ಏನು ಅಂತ ಬಹಳ ಜನ ಕೇಳ್ತಾರೆ. ಗ್ಲೇಜ್ ಕೆಲ್ಸ ತುಂಬೋದು. ಅದರಲ್ಲಿ ಎಣ್ಣೆ ಇರತ್ತೆ, ಕೆಲವದ್ರಲ್ಲಿ ಕಾವೊಲಿನ್ ಅಂತ ನಯವಾದ ಜೇಡಿಮಣ್ಣಿನ ಪುಡಿನೂ ಇರತ್ತೆ, ಹಚ್ಚಿದ ತಕ್ಷಣ ಬಣ್ಣ ಆಳವಾಗಿ ಒದ್ದೆಯಾದಂಗೆ ಕಾಣತ್ತೆ. ಆದ್ರೆ ಕಾಯೋ ಶಕ್ತಿ ಅದಕ್ಕೆ ಇಲ್ಲ, ಮೇಲೆ ಏನೂ ಹಾಕ್ದೆ ಬಿಟ್ರೆ ಒಂದೆರಡು ವಾಶಿಗೇ ಹೋಗ್ಬಿಡತ್ತೆ. ಅದಕ್ಕೇ ಮೇಲೊಂದು ವ್ಯಾಕ್ಸ್ ಮುಚ್ಚಳ. ಮೆಗ್ವಯರ್ಸ್ ನಂಬರ್ 7, ಪೂರ್‌ಬಾಯ್ಸ್ ಬ್ಲ್ಯಾಕ್ ಹೋಲ್, ತ್ರೀಎಂ ಹ್ಯಾಂಡ್ ಗ್ಲೇಜ್ ಇವೆಲ್ಲ ಈ ಜಾತಿಯವು. ಬ್ಲ್ಯಾಕ್ ಹೋಲ್ ಡಾರ್ಕ್ ಬಣ್ಣಕ್ಕೆ ಅಂತಾನೇ ಮಾಡಿರೋದು, ತಿಳಿ ಬಣ್ಣಕ್ಕೆ ಅದೇ ಕಂಪನಿದು ವೈಟ್ ಡೈಮಂಡ್ ಇದೆ. ಆಟೋಗ್ಲಿಮ್ ಸೂಪರ್ ರೆಸಿನ್ ಪಾಲಿಶ್ ಹೆಸರಲ್ಲಿ ಪಾಲಿಶ್ ಅಂತ ಇದ್ರೂ ಚೆನ್ನಾಗಿ ತುಂಬತ್ತೆ. ಬ್ರ್ಯಾಂಡ್ ಬಗ್ಗೆ ತಲೆ ಕೆಡಿಸ್ಕೊಳ್ಳೋರು ಕೆಡಿಸ್ಕೊಳ್ಳಿ, ನನ್ ಪ್ರಕಾರ ಹಚ್ಚೋ ಮುಂಚೆ ಕಾರ್ ಎಷ್ಟು ಕ್ಲೀನ್ ಇತ್ತು ಅನ್ನೋದು ಡಬ್ಬಿ ಮೇಲಿನ ಹೆಸರಿಗಿಂತ ಹತ್ತು ಪಟ್ಟು ಮುಖ್ಯ.

ವ್ಯಾಕ್ಸಲ್ಲಿ ಮುಚ್ಚೋ ಕೆಲ್ಸಕ್ಕೆ ಒಳ್ಳೇದು ಕಾರ್ನೌಬ. ಬ್ರೆಜಿಲಿನ ಈಶಾನ್ಯ ಭಾಗದಲ್ಲಿ ಬೆಳೆಯೋ ಒಂದು ತಾಳೆ ಜಾತಿ ಮರದ ಎಲೆ ಮೇಲೆ ಕಟ್ಟೋ ಮೇಣ ಇದು, ಎಲೆ ಕುಯ್ದು ಒಣಗಿಸಿ ಬಡಿದು ಪುಡಿ ಉದುರಿಸ್ತಾರೆ. ಚಾಕೊಲೇಟ್ ಮಿಠಾಯಿ, ಮಾತ್ರೆ ಇವುಗಳ ಹೊಳಪಿಗೂ ಇದನ್ನೇ ಹಾಕೋದು, ಪ್ಯಾಕೆಟ್ ಹಿಂದೆ ಐಎನ್‌ಎಸ್ 903 ಅಂತ ಇದ್ರೆ ಇದೇ. ಕರಗೋದು 82ರಿಂದ 86 ಡಿಗ್ರಿ ಸೆಲ್ಸಿಯಸ್‌ಗೆ, ನೈಸರ್ಗಿಕ ಮೇಣಗಳಲ್ಲೇ ಗಟ್ಟಿ. ಡಬ್ಬಿ ಮೇಲೆ ನೂರಕ್ಕೆ ನೂರು ಕಾರ್ನೌಬ ಅಂತ ದೊಡ್ಡದಾಗಿ ಬರೆದಿರ್ತಾರಲ್ಲ, ಅದನ್ನ ನೋಡಿ ಮರುಳಾಗ್ಬೇಡಿ, ಬರೀ ಕಾರ್ನೌಬ ಆಗಿದ್ರೆ ಅದು ಕೈಯಲ್ಲಿ ಹಚ್ಚೋಕಾಗದಷ್ಟು ಗಟ್ಟಿ ಗಡ್ಡೆ ಆಗಿರ್ತಿತ್ತು, ಒಳಗೆ ಸಾಲ್ವೆಂಟು, ಎಣ್ಣೆ, ಬೇರೆ ಮೇಣ ಸೇರಿಸಿದ್ರೇನೇ ಹಚ್ಚೋಕಾಗೋದು. ಅಂದ್ರೆ ಒಳಗಿರೋ ಕಾರ್ನೌಬ ಶುದ್ಧ, ಡಬ್ಬಿ ಪೂರ್ತಿ ಅದೇ ಅಲ್ಲ.

ತಗೊಳ್ಳೋವಾಗ ಒಂದೇ ಒಂದು ಕಡೆ ಹುಷಾರು, ಕ್ಲೀನರ್ ವ್ಯಾಕ್ಸ್ ಅಂತ ಬರೋದನ್ನ ಗ್ಲೇಜ್ ಮೇಲೆ ಹಾಕ್ಬೇಡಿ. ಅದರಲ್ಲಿ ಸಣ್ಣಗೆ ಉಜ್ಜೋ ಪುಡಿ, ಕೊಳೆ ಕರಗಿಸೋ ಸಾಲ್ವೆಂಟ್ ಇರತ್ತೆ, ನೀವು ಕಷ್ಟಪಟ್ಟು ತುಂಬಿದ ಗ್ಲೇಜನ್ನೆಲ್ಲ ಎಳ್ಕೊಂಡು ಬರತ್ತೆ. ಗ್ಲೇಜ್ ಇಲ್ದೆ ಒಂದೇ ಡಬ್ಬಿಯಲ್ಲಿ ಮುಗಿಸ್ಬೇಕು ಅನ್ನೋ ಸೋಮಾರಿಗಳಿಗೆ ಕ್ಲೀನರ್ ವ್ಯಾಕ್ಸ್ ಚೆನ್ನಾಗೇ ಇದೆ, ಎರಡನ್ನ ಜೊತೆಗೆ ಸೇರಿಸೋದು ಮಾತ್ರ ಬೇಡ. ಸಿಂಥೆಟಿಕ್ ಸೀಲಂಟ್, ಅಂದ್ರೆ ಮೇಣದ ಬದ್ಲು ಹಾಕೋ ಕೃತಕ ಪದರ, ಅದರ ಕತೆ ಬೇರೆ. ಅದು ಬರಿ ಪೇಂಟಿಗೆ ಕಚ್ಕೋಬೇಕು, ಕೆಳಗೆ ಎಣ್ಣೆ ಇದ್ರೆ ಸರಿಯಾಗಿ ಕೂರಲ್ಲ, ಬೇಗ ಬಿಡತ್ತೆ. ಪೇಂಟ್ ಮೇಲೆ ಗಾಜಿನ ತರ ಗಟ್ಟಿ ಪದರ ಕಟ್ಟೋ ಸೆರಾಮಿಕ್ ಕೋಟಿಂಗಿಗೂ ಇದೇ ಮಾತು. ಈಗಾಗ್ಲೇ ಸೆರಾಮಿಕ್ ಮಾಡ್ಸಿರೋ ಕಾರಿಗೆ ಗ್ಲೇಜ್ ಹಾಕಿ ಪ್ರಯೋಜ್ನ ಇಲ್ಲ, ಮ್ಯಾಟ್ ಪೇಂಟ್ ಇರೋ ಕಾರಿಗಂತೂ ಗ್ಲೇಜೂ ಬೇಡ ವ್ಯಾಕ್ಸೂ ಬೇಡ, ಅಲ್ಲಲ್ಲಿ ಹೊಳೆದು ತೇಪೆ ಹಾಕಿದಂಗೆ ಆಗತ್ತೆ.

ಸರಿ, ಕೆಲ್ಸಕ್ಕೆ ಬರೋಣ. ಭಾನುವಾರ ಬೆಳಿಗ್ಗೆ ಬೇಗ ಅಥವಾ ಸಂಜೆ ನಾಕರ ಮೇಲೆ, ನೆರಳಲ್ಲಿ, ಬಾನೆಟ್ ಮುಟ್ಟಿದ್ರೆ ತಣ್ಣಗಿರ್ಬೇಕು. ಬಿಸಿಲಲ್ಲಿ ನಿಂತ ಕಪ್ಪು ಕಾರಿನ ಮೇಲೆ ಗ್ಲೇಜ್ ಹಾಕಿದ್ರೆ ಹಚ್ತಿದ್ದಂಗೇ ಒಣಗಿ ಅಂಟ್ಕೊಳತ್ತೆ, ಆಮೇಲೆ ಅದನ್ನ ತೆಗೆಯೋಕೆ ಉಜ್ಜಿ ಉಜ್ಜಿ ಹೊಸ ಗೀರು ಮಾಡ್ಕೋತೀರಾ. ಮೊದ್ಲು ಬರೀ ನೀರು ಬಿಟ್ಟು ಧೂಳು ಇಳಿಸಿ, ಪ್ರೆಶರ್ ವಾಷರ್ ಇದ್ರೆ ಒಳ್ಳೇದು, ಇಲ್ಲಾಂದ್ರೆ ಪೈಪು. ಬಟ್ಟೆ ಮುಟ್ಟಿಸೋದಕ್ಕೆ ಮುಂಚೆ ಎಷ್ಟು ಧೂಳು ನೀರಲ್ಲೇ ಹೋಗತ್ತೋ ಅಷ್ಟು ಗೀರು ಉಳೀತು ಅಂತ ಲೆಕ್ಕ. ಆಮೇಲೆ ಎರಡು ಬಕೆಟ್, ಒಂದ್ರಲ್ಲಿ ಕಾರ್ ಶಾಂಪೂ, ಇನ್ನೊಂದ್ರಲ್ಲಿ ಬರೀ ನೀರು. ಮಿಟ್ (ಕಾರ್ ತೊಳೆಯೋ ಮೆತ್ತನೆ ಕೈಗವಸು) ಅಥವಾ ದಪ್ಪ ಮೈಕ್ರೋಫೈಬರ್ ಶಾಂಪೂಲಿ ಅದ್ದಿ ಒಂದು ಪ್ಯಾನೆಲ್ ತೊಳೀರಿ, ಬರೀ ನೀರಿನ ಬಕೆಟಲ್ಲಿ ಜಾಲಾಡಿ, ಮತ್ತೆ ಶಾಂಪೂ. ಮೇಲಿಂದ ಕೆಳಗೆ ಬನ್ನಿ, ಬಾಗಿಲಿನ ಕೆಳಭಾಗ, ಬಂಪರ್ ಕೊನೇಲಿ, ಟೈರಿಗೆ ಬೇರೆನೇ ಬಟ್ಟೆ. ಈ ಒಂದು ಸಲಕ್ಕೆ ಮಾತ್ರ ಪಾತ್ರೆ ತೊಳೆಯೋ ಲಿಕ್ವಿಡ್ ಬಳಸಿದ್ರೆ ಹಳೇ ವ್ಯಾಕ್ಸಿನ ಜಿಡ್ಡು ಬಹಳಷ್ಟು ಹೋಗತ್ತೆ, ಪ್ರತಿ ವಾರ ಅದನ್ನೇ ಬಳಸ್ಬೇಡಿ.

ತೊಳೆದು ಒಣಗಿಸಿದ್ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕ್ಕೊಂಡು ಬಾನೆಟ್ ಮೇಲೆ ಮೆಲ್ಲಗೆ ಸವರಿ. ಬರಿಗೈಗೆ ನುಣ್ಣಗೆ ಅನ್ಸಿದ್ದ ಜಾಗ ಕವರಲ್ಲಿ ಮರಳು ಮರಳಾಗಿ ಅನ್ಸಿದ್ರೆ ಪೇಂಟಲ್ಲಿ ಏನೇನೋ ಕಚ್ಕೊಂಡು ಕೂತಿದೆ ಅಂತ ಅರ್ಥ, ಬ್ರೇಕಿಂದ ಹಾರೋ ಕಬ್ಬಿಣದ ಪುಡಿ, ಡಾಂಬರ್, ಮರದ ಅಂಟು, ಪಕ್ಕದಲ್ಲೇ ಯಾರೋ ಮನೆ ಕಟ್ಟಿಸ್ತಿದ್ರೆ ಸಿಮೆಂಟ್. ಇದಕ್ಕೆ ಕ್ಲೇ ಬಾರ್, ಅಂದ್ರೆ ಅಂಟಿದ ಕೊಳೆ ಎಳ್ಕೊಳ್ಳೋ ಜೇಡಿಮಣ್ಣಿನ ತರದ ಮೆತ್ತನೆ ಗಟ್ಟಿ. ಶಾಂಪೂ ನೀರು ಧಾರಾಳವಾಗಿ ಹೊಡೆದು ಕ್ಲೇ ತುಂಡನ್ನ ಭಾರ ಬಿಡ್ದೆ ಜಾರಿಸಿ, ಕಪ್ಪಾದಂಗೆಲ್ಲ ಮಡಚಿ ಹೊಸ ಮೈ ಮಾಡ್ಕೊಳ್ಳಿ, ನೆಲಕ್ಕೆ ಬಿದ್ರೆ ಆ ತುಂಡು ಕಸಕ್ಕೆ, ದುಡ್ಡು ಕೊಟ್ಟಿದ್ದು ಅಂತ ಒರೆಸಿ ಮತ್ತೆ ಬಳಸಿದ್ರೆ ಮುಗೀತು ಕತೆ. ಕ್ಲೇನೂ ಕಪ್ಪು ಪೇಂಟ್ ಮೇಲೆ ಸಣ್ಣ ಗುರುತು ಬಿಡತ್ತೆ, ಅದನ್ನೂ ಗ್ಲೇಜ್ ಮುಚ್ಚತ್ತೆ ಬಿಡಿ. ವರ್ಷಕ್ಕೆ ಒಂದೆರಡು ಸಲಕ್ಕಿಂತ ಜಾಸ್ತಿ ಕ್ಲೇ ಬೇಡ.

ಆಮೇಲೆ ಕಪ್ಪು ಪ್ಲಾಸ್ಟಿಕ್ ಪಟ್ಟಿ, ವೈಪರ್ ಕೆಳಗಿನ ಕೌಲ್, ರೂಫ್ ರೇಲ್ ಇವುಗಳ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಐದು ನಿಮಿಷದ ಕೆಲ್ಸ, ಎಲ್ರೂ ಬಿಡೋದೂ ಇದನ್ನೇ. ಗೆರೆ ಗೆರೆ ಪ್ಲಾಸ್ಟಿಕ್ ಮೇಲೆ ವ್ಯಾಕ್ಸ್ ಬಿದ್ದು ಒಣಗಿದ್ರೆ ಬೆಳ್ಳಗೆ ಕೂತ್ಕೊಂಡ್ಬಿಡತ್ತೆ, ಆಮೇಲೆ ಹಳೇ ಟೂತ್‌ಬ್ರಶ್ಶು, ಆಲ್ ಪರ್ಪಸ್ ಕ್ಲೀನರ್ ಹಿಡ್ಕೊಂಡು ಮಧ್ಯಾಹ್ನ ಪೂರ್ತಿ ಅಲ್ಲೇ ಕೂರ್ಬೇಕು.

ಗ್ಲೇಜ್ ಹಚ್ಚೋಕೆ ಮೆತ್ತನೆ ಫೋಮ್ ಅಪ್ಲಿಕೇಟರ್ ತಗೊಳ್ಳಿ. ಬಾಟಲ್ ಚೆನ್ನಾಗಿ ಅಲ್ಲಾಡಿಸಿ, ಪುಡಿ ತಳದಲ್ಲಿ ಕೂತಿರತ್ತೆ. ಫೋಮ್ ಮೇಲೆ ಮೂರು ನಾಕು ಹನಿ, ಹೆಚ್ಚು ಬೇಡ. ಎರಡಡಿ ಎರಡಡಿ ಜಾಗ ತಗೊಂಡು, ಮೊದ್ಲು ಉದ್ದಕ್ಕೆ ಆಮೇಲೆ ಅಡ್ಡಕ್ಕೆ, ಹದವಾಗಿ ಒತ್ತಿ ಕೆಲ್ಸ ಮಾಡಿ. ವ್ಯಾಕ್ಸ್ ತರ ಸುಮ್ನೆ ಸವರಿ ಬಿಡೋದಲ್ಲ ಇದು, ಗೀರಿನೊಳಗೆ ಇಳೀಬೇಕಲ್ಲ, ಒಂದೊಂದು ಜಾಗಕ್ಕೂ ಒಂದು ನಿಮಿಷ ಆದ್ರೂ ಕೊಡಿ. ಆದ್ರೆ ಒರೆಸೋವಾಗ ಉಲ್ಟಾ, ಕೈ ಹಗುರ ಇರ್ಬೇಕು, ಒಳ್ಳೆ ಮೈಕ್ರೋಫೈಬರ್ ನಾಕು ಮಡಿಕೆ ಮಾಡಿ ಬಟ್ಟೆ ಭಾರದಲ್ಲೇ ಜಾರಿಸಿ ಮೇಲಿನ ಜಿಡ್ಡು ಮಾತ್ರ ತೆಗೀರಿ. ಹೊಳೀಲಿ ಅಂತ ಜೋರಾಗಿ ತಿಕ್ಕಿದ್ರೆ ತುಂಬಿದ್ದೆಲ್ಲ ಬಟ್ಟೆಗೆ ಬರತ್ತೆ. ಎಷ್ಟು ಹೊತ್ತು ಬಿಡ್ಬೇಕು ಅನ್ನೋದು ಬಾಟಲಿಂದ ಬಾಟಲಿಗೆ ಬೇರೆ, ಕೆಲವು ಒದ್ದೆ ಇರೋವಾಗ್ಲೇ ಒರೆಸೋವು, ನಂಬರ್ 7 ಆ ಜಾತಿ, ಅದು ಒಣಗಿದ್ರೆ ಎಣ್ಣೆ ಎಣ್ಣೆ ಕಲೆಯಾಗಿ ತಲೆನೋವು ಕೊಡತ್ತೆ, ಇನ್ನು ಕೆಲವು ಮಂಜು ಮಂಜಾದ್ಮೇಲೆ ಒರೆಸೋವು. ಹಿಂದಿನ ಲೇಬಲ್ ಓದಿ.

ಬಾನೆಟ್ ಅರ್ಧಕ್ಕೆ ಮಾತ್ರ ಹಾಕಿ ಟಾರ್ಚ್ ಬಿಟ್ಟು ನೋಡಿ ಮೊದ್ಲು. ಆಕಡೆ ಈಕಡೆ ವ್ಯತ್ಯಾಸ ಕಣ್ಣಿಗೆ ಕಾಣ್ಬೇಕು, ಸಣ್ಣ ಬಲೆ ಎಲ್ಲ ಹೋಗಿ ಒಂದೊಂದೇ ದೊಡ್ಡ ಗೀರು ಉಳ್ಕೊಂಡಿರತ್ತೆ. ಅದನ್ನೂ ಓಡಿಸ್ತೀನಿ ಅಂತ ಗ್ಲೇಜ್ ಮೇಲೆ ಗ್ಲೇಜ್ ಪೇರಿಸ್ಬೇಡಿ, ಎರಡನೇ ಸಲಕ್ಕೆ ಸ್ವಲ್ಪ ಸುಧಾರಿಸತ್ತೆ, ಮೂರನೇದು ದಂಡ. ಬಿಸಿಲಲ್ಲಿ ನಾಕಡಿ ದೂರದಿಂದ ನೋಡಿದಾಗ ಕಾರು ಆಳವಾದ ಬಣ್ಣದಲ್ಲಿ ಕಾಣಿಸಿದ್ರೆ ಕೆಲ್ಸ ಆಯ್ತು. ಗೀರು ಹುಡುಕ್ಕೊಂಡು ಯಾರಾದ್ರೂ ಟಾರ್ಚ್ ಹಿಡ್ಕೊಂಡು ಬಂದ್ರೆ ಬರ್ಲಿ ಬಿಡಿ, ಅವ್ರಿಗೆ ಬೇರೆ ಕೆಲ್ಸ ಇಲ್ಲ.

ವ್ಯಾಕ್ಸ್ ಹಾಕೋದು ತೆಳ್ಳಗೆ. ಎಷ್ಟು ತೆಳ್ಳಗೆ ಅಂದ್ರೆ ಹಚ್ಚಿದೀನೋ ಇಲ್ವೋ ಅಂತ ಅನುಮಾನ ಬರೋಷ್ಟು. ದಪ್ಪ ಹಾಕಿದ್ರೆ ಜಾಸ್ತಿ ದಿನ ಬರತ್ತೆ ಅನ್ನೋದು ಸುಳ್ಳು, ಪೇಂಟಿಗೆ ಅಂಟೋದು ತೆಳು ಪದರ ಅಷ್ಟೇ, ಉಳಿದಿದ್ದೆಲ್ಲ ಬಟ್ಟೆಗೆ ಹೋಗತ್ತೆ, ತೆಗೆಯೋವಾಗ ಭುಜ ನೋವು ಫ್ರೀ. ಗ್ಲೇಜ್ ಮೇಲೆ ಹಾಕೋವಾಗ ಒತ್ಲೇಬೇಡಿ, ವ್ಯಾಕ್ಸಲ್ಲಿರೋ ಸಾಲ್ವೆಂಟ್ ಕೆಳಗಿನ ಎಣ್ಣೆನ ಅಲ್ಲಾಡಿಸತ್ತೆ, ಸವರಿ ಮುಂದಕ್ಕೆ ಹೋಗ್ತಿರಿ. ಸ್ವಲ್ಪ ಹೊತ್ತಿಗೆ ಮಂಜು ಕಟ್ಟತ್ತೆ, ಬೆರಳಲ್ಲಿ ಒಂದು ಗೆರೆ ಎಳೆದು ನೋಡಿ, ಗೆರೆ ಕ್ಲೀನಾಗಿ ಹೊಳೆದ್ರೆ ಒರೆಸೋ ಟೈಮು, ಜಿಡ್ಡಾಗಿ ಕಲೆಸಿದ್ರೆ ಇನ್ನೂ ಕಾಯಿರಿ. ಮಳೆಗಾಲದಲ್ಲಿ ಗಾಳಿ ತೇವಕ್ಕೆ ಇದು ನಿಧಾನ, ಮಾರ್ಚ್ ಏಪ್ರಿಲಲ್ಲಿ ಕಲಬುರಗಿ ರಾಯಚೂರು ಕಡೆ ಆದ್ರೆ ಒಂದು ಬಾಗಿಲು ಮುಗಿಸೋಷ್ಟ್ರಲ್ಲೇ ರೆಡಿ, ಅಲ್ಲಿ ಒಂದೊಂದೇ ಪ್ಯಾನೆಲ್ ಹಚ್ಚಿ ಒರೆಸಿ ಹೋಗ್ಬೇಕು, ಇಡೀ ಕಾರಿಗೆ ಹಚ್ಚಿ ಕಾಯೋ ಆಟ ಬೇಡ. ಎರಡನೇ ಕೋಟ್ ಹಾಕೋದಿದ್ರೆ ಅವತ್ತೇ ಬೇಡ, ಮಾರನೇ ದಿನ ಹಾಕಿ, ಮೊದಲನೇದ್ರಲ್ಲಿ ಬಿಟ್ಟು ಹೋದ ಜಾಗಗಳು ಮುಚ್ಕೋತವೆ.

ಬಟ್ಟೆ ಬಗ್ಗೆ ಎರಡು ಮಾತು ಹೇಳ್ದಿದ್ರೆ ಆಗಲ್ಲ, ಯಾಕಂದ್ರೆ ಅರ್ಧ ಗೀರು ಅಲ್ಲಿಂದಾನೇ ಬರೋದು. ಹಳೇ ಬನಿಯನ್ನು, ಪಂಚೆ ತುಂಡು, ಹಳದಿ ಫ್ಲಾನೆಲ್ ಬಟ್ಟೆ ಇವೆಲ್ಲ ಗಾಜಿಗೆ, ಬಾನೆಟ್ ಒಳಗಿನ ಎಂಜಿನ್ ಜಾಗಕ್ಕೆ ಇಟ್ಕೊಳ್ಳಿ. ಕಾರಿನ ಬಾಡಿ ಒರೆಸೋಕೆ ಮೈಕ್ರೋಫೈಬರ್, ಅಂಚಿನ ಲೇಬಲ್ ಕತ್ತರಿಸಿ ಎಸೀರಿ. ವ್ಯಾಕ್ಸ್ ತೆಗೆಯೋಕೆ 350 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗತ್ತೆ ಅನ್ನೋ ಲೆಕ್ಕ) ಆಸುಪಾಸು ಇದ್ರೆ ಸಾಕು. ಒಗೆಯೋವಾಗ ಬೇರೆ ಹತ್ತಿ ಬಟ್ಟೆ ಜೊತೆ ಹಾಕ್ಬೇಡಿ, ನೂಲು ಹಿಡ್ಕೊಳತ್ತೆ, ಬಟ್ಟೆ ಮೆದು ಮಾಡೋ ಕಂಡೀಶನರ್ ಹಾಕಿದ್ರೆ ಎಳೆಗಳೆಲ್ಲ ಮುಚ್ಕೊಂಡು ಹೀರೋ ಗುಣಾನೇ ಹೋಗತ್ತೆ. ಕೈ ಜಾರಿ ಕೆಳಗೆ ಬಿದ್ದ ಬಟ್ಟೆ ಅವತ್ತಿಗೆ ರಿಟೈರ್.

ಇನ್ನು ಮನೆಮದ್ದು. ಟೂತ್‌ಪೇಸ್ಟ್ ಹಚ್ಚಿ ಗೀರು ತೆಗೆಯೋ ವಿಡಿಯೋಗಳು ಫಾರ್ವರ್ಡ್ ಆಗ್ತಾನೇ ಇರ್ತವೆ. ಟೂತ್‌ಪೇಸ್ಟಲ್ಲಿ ಉಜ್ಜೋ ಪುಡಿ ಇದೆ, ಹಂಗಾಗಿ ಏನೋ ಒಂದು ಆಗತ್ತೆ ನಿಜ, ಆದ್ರೆ ಅದನ್ನ ಮಾಡಿರೋದು ಹಲ್ಲಿಗೆ, ಕಪ್ಪು ಕಾರಿನ ಕ್ಲಿಯರ್ ಕೋಟ್ ಮೇಲೆ ಉಜ್ಜಿದ್ರೆ ಒಂದು ಗೀರಿನ ಜಾಗದಲ್ಲಿ ಅಂಗೈಯಗಲ ಮಂಕು ಬರತ್ತೆ. ಕೊಬ್ಬರಿ ಎಣ್ಣೆ ಹಚ್ಚಿದ್ರೆ ಗೀರು ಕಾಣೆ ಆಗೋದು ಗ್ಲೇಜಿನ ಲೆಕ್ಕದಲ್ಲೇ, ಎಣ್ಣೆ ತುಂಬ್ಕೊಳತ್ತೆ, ಆದ್ರೆ ಒಣಗೋ ಮಾತೇ ಇಲ್ಲ, ರೋಡಿಗಿಳಿದ ಹತ್ತು ನಿಮಿಷಕ್ಕೆ ಧೂಳೆಲ್ಲ ಅಂಟಿ, ಅದನ್ನ ಒರೆಸೋಕೆ ಹೋಗಿ ಇನ್ನಷ್ಟು ಗೀರು. ಲಾರಿ, ಟೆಂಪೋದವ್ರು ಡೀಸೆಲಲ್ಲೋ ಸೀಮೆಎಣ್ಣೆಲೋ ಒರೆಸಿ ಮಿಂಚಿಸೋದೂ ಅದೇ ವಿದ್ಯೆ, ಅವ್ರಿಗೆ ನಡೆಯತ್ತೆ, ನಿಮ್ ರಬ್ಬರ್ ಬೀಡಿಂಗಿಗೆ ಅದು ಆಗ್ಬರಲ್ಲ. ಆಮೇಲೆ ವಾಶಿಂಗ್ ಸೆಂಟರಲ್ಲಿ ಟೆಫ್ಲಾನ್ ಕೋಟಿಂಗ್ ಮಾಡ್ಸಿ ಸಾರ್ ಅಂತಾರಲ್ಲ. ಟೆಫ್ಲಾನ್ ಕರಗೋಕೆ 327 ಡಿಗ್ರಿ ಬೇಕು, ಬಾಣಲೆಗೆ ಅದನ್ನ ಅಷ್ಟು ಕಾಯಿಸೇ ಕೂರಿಸೋದು, ನಿಮ್ ಕಾರಿಗೆ ಅಷ್ಟು ಶಾಖ ಕೊಟ್ರೆ ಪೇಂಟೇ ಉಳಿಯಲ್ಲ. ಅಲ್ಲಿ ಆಗೋದು ಬಹಳ ಸಲ ಸಣ್ಣ ರಬ್ಬಿಂಗು, ಮೇಲೊಂದು ತುಂಬೋ ಪಾಲಿಶು. ಕೆಟ್ಟದ್ದಲ್ಲ, ಆದ್ರೆ ಅದನ್ನ ಮನೇಲೇ ಹೆಂಗೆ ಮಾಡ್ಕೊಳ್ಳೋದು ಅಂತ ಮೇಲೆ ಹೇಳಿ ಆಯ್ತಲ್ಲ.

ಎಷ್ಟು ದಿನ ಬರತ್ತೆ? ನೇರವಾಗಿ ಹೇಳ್ಬೇಕಂದ್ರೆ ಬೇಸ್ಮೆಂಟಲ್ಲಿ ನಿಲ್ಲೋ ಕಾರಿಗೆ ಗ್ಲೇಜ್ ಮೇಲೆ ಕಾರ್ನೌಬ ಹಾಕಿದ್ರೆ ಒಂದೂವರೆ ಎರಡು ತಿಂಗ್ಳು, ದಿನಾ ಬಿಸಿಲಲ್ಲಿ ನಿಲ್ಲೋದಕ್ಕೆ ಒಂದು ತಿಂಗ್ಳು ಅಂತಿಟ್ಕೊಳ್ಳಿ. ನೀರು ಗುಂಡು ಗುಂಡಾಗಿ ನಿಲ್ಲೋದು ಬಿಟ್ಟು ಹರಡ್ಕೊಳ್ಳೋಕೆ ಶುರುವಾದ್ರೆ ವ್ಯಾಕ್ಸ್ ಹೋಯ್ತು, ಅದರ ಹಿಂದೆನೇ ಗ್ಲೇಜೂ ಹೋಗತ್ತೆ, ಗೀರು ಹಳೇ ಜಾಗದಲ್ಲೇ ಕಾಣಿಸ್ಕೊಳ್ಳತ್ತೆ. ಅವಾಗ ಪೇಂಟ್ ಹಾಳಾಯ್ತು ಅಂತ ಗಾಬರಿ ಬೇಡ. ಮಲೆನಾಡು, ಕರಾವಳಿಯವ್ರು ಜೂನಿಂದ ಸೆಪ್ಟೆಂಬರ್ ತನಕ ಗ್ಲೇಜ್ ಆಸೆ ಬಿಡಿ, ಆ ಮಳೆಗೆ ಸೀಲಂಟೇ ಸರಿ, ಗೀರು ಕಂಡ್ರೆ ಕಾಣ್ಲಿ.

ಬೆಂಗಳೂರಿನವ್ರಿಗೆ ಇರೋ ದೊಡ್ಡ ತೊಂದ್ರೆ ಮಳೆ ಅಲ್ಲ, ಬೋರ್‌ವೆಲ್ ನೀರು. ಗಡಸು ನೀರು ಪೇಂಟ್ ಮೇಲೆ ಒಣಗಿದ್ರೆ ಬಿಳಿ ಉಂಗುರ ಉಂಗುರ ಕಲೆ, ಅದು ಎಷ್ಟೋ ಸಲ ಗೀರಿಗಿಂತ ಅಸಹ್ಯ, ಬಿಸಿಲಿಗೆ ಸುಟ್ಟು ಕೂತ್ರೆ ಶಾಂಪೂಗೂ ಬಗ್ಗಲ್ಲ. ತೊಳೆದ ತಕ್ಷಣ ಒಣಗಿಸ್ಬೇಕು, ಕೊನೇಲಿ ಒಂದು ಬಕೆಟ್ ಫಿಲ್ಟರ್ ನೀರೋ ಮಳೆ ನೀರೋ ಹುಯ್ದ್ರೆ ಇನ್ನೂ ಒಳ್ಳೇದು.

ಅದಕ್ಕಿಂತ ದೊಡ್ಡ ವಿಷ್ಯ ಅಪಾರ್ಟ್ಮೆಂಟಲ್ಲಿ ದಿನಾ ಕಾರ್ ಒರೆಸೋ ಏರ್ಪಾಡು. ಅವ್ರ ತಪ್ಪು ಅಂತ ನಾನು ಹೇಳಲ್ಲ, ಜನ ಏಳೋದ್ರೊಳಗೆ ಒಂದೇ ಬಕೆಟ್ ನೀರಲ್ಲಿ ಇಡೀ ಸಾಲು ಕಾರು ಮುಗಿಸ್ಬೇಕು ಅಂದ್ರೆ ಯಾರಾದ್ರೂ ಹಂಗೇ ಮಾಡೋದು, ಹತ್ತನೇ ಕಾರಿಗೆ ಬರೋಷ್ಟ್ರಲ್ಲಿ ಆ ಬಟ್ಟೇಲಿ ಒಂಬತ್ತು ಕಾರಿನ ಮಣ್ಣಿರತ್ತೆ. ನೀವು ಎಷ್ಟೇ ಗ್ಲೇಜ್ ಹಾಕಿ, ಒಂದು ವಾರ ಆ ಬಟ್ಟೆ ಓಡಾಡಿದ್ರೆ ಮುಗೀತು. ದುಡ್ಡು ಕಟ್ ಮಾಡೋ ಮಾತಾಡ್ದೆ ಹೇಳಿ ನೋಡಿ, "ಅಣ್ಣಾ, ಗಾಜು, ಟೈರು, ಒಳಗಿನ ಮ್ಯಾಟು ಇಷ್ಟೇ ಮಾಡಿ ಸಾಕು, ಬಾಡಿ ಮುಟ್ಬೇಡಿ, ದುಡ್ಡು ಅಷ್ಟೇ ಕೊಡ್ತೀನಿ." ಬಹಳ ಜನ ಖುಷಿಯಾಗೇ ಒಪ್ಕೋತಾರೆ, ಕೆಲ್ಸ ಕಮ್ಮಿ ಆಯ್ತಲ್ಲ. ಒಪ್ಕೊಂಡ್ರೂ ಮೊದಲ ವಾರ ಅಭ್ಯಾಸ ಬಲದಿಂದ ಒರೆಸ್ತಾರೆ, ಇನ್ನೊಂದ್ಸಲ ಮೆತ್ತಗೆ ನೆನಪಿಸಿ. ಡ್ಯಾಶ್‌ಬೋರ್ಡ್ ಒರೆಸೋಕೆ ಅಂತ ಇಟ್ಕೊಂಡಿರೋ ಉದ್ದ ಕೂದಲಿನ ಡಸ್ಟರಲ್ಲಿ ಬಾನೆಟ್ ಧೂಳು ಹೊಡೆಯೋದು, ಧೂಳು ಕೂತ ಕಾರಿನ ಮೇಲೇ ಕವರ್ ಎಳೆಯೋದು, ಇವೂ ಗೀರು ಮಾಡೋ ಮಷಿನ್‌ಗಳೇ. ಧೂಳು ಕೂತಿದ್ರೆ ಕೂತಿರ್ಲಿ, ಭಾನುವಾರ ನೀರಲ್ಲಿ ಇಳಿಸಿದ್ರಾಯ್ತು.

ನಮ್ಮ ಕಡೆ ವ್ಯಾಕ್ಸ್ ಹಾಕೋಕೆ ಸರಿಯಾದ ಟೈಮ್ ಯಾವ್ದು ಅಂತ ಕೇಳಿದ್ರೆ ನಾನು ಹೇಳೋದು ಆಯುಧ ಪೂಜೆಗೆ ನಾಕೈದು ದಿನ ಮುಂಚೆ. ಮಳೆ ಒಂಚೂರು ಇಳಿಮುಖ ಆಗಿರತ್ತೆ, ಹೆಂಗಿದ್ರೂ ಕಾರ್ ತೊಳೆಯೋ ಹಬ್ಬ. ಜೊತೆಗೆ ಅವತ್ತು ಕಾರಿನ ಮೇಲೆ ಏನೇನು ಬೀಳತ್ತೆ ನೋಡಿ, ವಿಭೂತಿ ಪಟ್ಟೆ, ಅರಿಶಿನ, ಕುಂಕುಮ, ಗಂಧ, ಬಾಳೆ ಕಂದು ಕಟ್ಟೋಕೆ ಹಚ್ಚಿದ ಟೇಪಿನ ಅಂಟು, ಕುಂಬಳಕಾಯಿ ಒಡೆದಾಗ ಹಾರೋ ಕೆಂಪು ನೀರು. ಬರಿ ಪೇಂಟ್ ಮೇಲೆ ಇದು ಒಂದು ರಾತ್ರಿ ಕೂತ್ರೆ ಬಿಡ್ಸೋದು ಕಷ್ಟ, ಬಿಳಿ ಕಾರಲ್ಲಂತೂ ಅರಿಶಿನದ ನೆರಳು ಉಳ್ಕೊಂಡ್ಬಿಡತ್ತೆ. ಕೆಳಗೆ ವ್ಯಾಕ್ಸ್ ಇದ್ರೆ ಮಾರನೇ ದಿನ ನೀರು ಬಿಟ್ಟಾಗ ಸುಲಭಕ್ಕೆ ಜಾರತ್ತೆ. ಒಣ ಕುಂಕುಮನ ಒಣ ಬಟ್ಟೆಲಿ ಮಾತ್ರ ಒರೆಸ್ಬೇಡಿ. ಹೂವಿನ ಹಾರದಲ್ಲಿ ತಂತಿ ಇದ್ರೆ ಗಾಡಿ ಓಡಿಸೋದಕ್ಕೆ ಮುಂಚೆ ತೆಗೀರಿ, ಗ್ರಿಲ್ಲಿಗೆ ಕಟ್ಟಿದ ಹಾರ ಗಾಳಿಗೆ ಬಾನೆಟ್ ಅಂಚಿಗೆ ಬಡೀತಾ ಹೋಗತ್ತೆ, ಆ ಗೀರಿಗೆ ಗ್ಲೇಜ್ ಸಾಲಲ್ಲ.

ಹಳೇ ಕಾರ್ ಇಟ್ಕೊಂಡೋರಿಗೆ ಒಂದು ಮಾತು. ಪದ್ಮಿನಿ, ಹಳೇ ಅಂಬಾಸಿಡರ್ ಕಾಲದ ಎಷ್ಟೋ ಗಾಡಿಗಳಲ್ಲಿ ಕ್ಲಿಯರ್ ಕೋಟೇ ಇರಲ್ಲ, ಬಣ್ಣವೇ ಮೇಲಿನ ಪದರ. ಕಾಣದ ಮೂಲೇಲಿ ಬಿಳಿ ಬಟ್ಟೆಗೆ ಚೂರು ಪಾಲಿಶ್ ಹಾಕಿ ಉಜ್ಜಿ, ಬಟ್ಟೆಗೆ ಕಾರಿನ ಬಣ್ಣ ಬಂದ್ರೆ ಅದೇ. ಇಂಥ ಪೇಂಟಿಗೆ ಎಣ್ಣೆ ಜಾಸ್ತಿ ಇರೋ ಗ್ಲೇಜ್ ಅಂದ್ರೆ ಪ್ರಾಣ, ಧಾರಾಳವಾಗಿ ಹಚ್ಚಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಒರೆಸಿದ್ರೆ ಮಂಕಾಗಿದ್ದ ಬಣ್ಣ ಎದ್ದು ನಿಲ್ಲತ್ತೆ. ಇಲ್ಲಿ ಮಾತ್ರ ಮೇಲೆ ಹೇಳಿದ ತೆಳು ಲೆಕ್ಕ, ಬೇಗ ಒರೆಸೋ ಲೆಕ್ಕ ಎರಡೂ ಬಿಟ್ಬಿಡಿ.

ಹೊಸದಾಗಿ ಪೇಂಟ್ ಮಾಡ್ಸಿದ ಪ್ಯಾನೆಲ್ ಇದ್ರೆ ಒಂದೆರಡು ತಿಂಗ್ಳು ವ್ಯಾಕ್ಸ್ ಹಾಕ್ಬೇಡಿ, ಒಳಗಿನ ಸಾಲ್ವೆಂಟ್ ಆವಿ ಆಗಿ ಹೊರಗೆ ಹೋಗ್ಬೇಕು. ಪೇಂಟರ್ ಎಷ್ಟು ದಿನ ಅಂತಾನೋ ಅಷ್ಟು ಕಾಯಿರಿ. ಉಲ್ಟಾನೂ ಇದೆ, ವ್ಯಾಕ್ಸ್, ಗ್ಲೇಜ್ ಹಾಕಿರೋ ಪ್ಯಾನೆಲನ್ನ ರೀಪೇಂಟಿಗೆ ಕೊಡೋವಾಗ ಮುಂಚೆನೇ ಹೇಳಿ, ಅದರಲ್ಲಿ ಸಿಲಿಕೋನ್ ಇದ್ದು ಸರಿಯಾಗಿ ತೊಳೆಯದಿದ್ರೆ ಹೊಸ ಪೇಂಟಲ್ಲಿ ಮೀನಿನ ಕಣ್ಣಿನಷ್ಟು ಗುಳಿ ಗುಳಿ ಬೀಳತ್ತೆ, ಆಮೇಲೆ ಅವ್ರು ನಿಮ್ಮನ್ನ ಬೈತಾರೆ, ನೀವು ಅವ್ರನ್ನ.

ಕೊನೇದಾಗಿ ಇದೇ ವಿದ್ಯೆ ನಿಮ್ ಮೇಲೆ ಪ್ರಯೋಗ ಆಗದಂಗೆ. ಸೆಕೆಂಡ್ ಹ್ಯಾಂಡ್ ಕಾರು ಮಾರೋ ಜಾಗದಲ್ಲಿ ಕಪ್ಪು ಕಾರು ಕನ್ನಡಿ ತರ ಮಿಂಚ್ತಿದ್ರೆ ಅದಕ್ಕೆ ಬೆಳಿಗ್ಗೆ ಗ್ಲೇಜ್ ಬಿದ್ದಿರೋ ಸಾಧ್ಯತೆ ಜಾಸ್ತಿ. ಮೆಡಿಕಲ್ ಶಾಪಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಗತ್ತೆ, ಅಷ್ಟೇ ನೀರು ಸೇರಿಸಿ ಸಣ್ಣ ಸ್ಪ್ರೇ ಬಾಟಲಲ್ಲಿ ತಗೊಂಡು ಹೋಗಿ, ಮಾರೋರನ್ನ ಕೇಳ್ಕೊಂಡೇ ಬಾನೆಟಲ್ಲಿ ಅಂಗೈಯಗಲ ಜಾಗಕ್ಕೆ ಹೊಡೆದು ಕ್ಲೀನ್ ಮೈಕ್ರೋಫೈಬರಲ್ಲಿ ಎರಡು ಮೂರು ಸಲ ಒರೆಸಿ, ಎಣ್ಣೆ ಎಲ್ಲ ಎದ್ದು ಬರತ್ತೆ. ಟಾರ್ಚ್ ಬಿಡಿ. ಆ ಜಾಗದಲ್ಲಿ ಮಾತ್ರ ಬಲೆ ಕಾಣಿಸಿದ್ರೆ ಇಡೀ ಕಾರು ಹಂಗೇ ಇದೆ ಅಂತ. ಬರೀ ಸಣ್ಣ ಸ್ವರ್ಲ್ ಆದ್ರೆ ಅದಕ್ಕೋಸ್ಕರ ಕಾರ್ ಬಿಡ್ಬೇಡಿ, ರೇಟ್ ಇಳಿಸಿ ಮಾತಾಡಿ. ಒಂದು ಬಾಗಿಲಿನ ಬಣ್ಣವೇ ಪಕ್ಕದ ಬಾಗಿಲಿಗಿಂತ ಬೇರೆ ಕಂಡ್ರೆ ಗ್ಲೇಜ್ ವಿಚಾರ ಬಿಟ್ಟು ಆ ಬಾಗಿಲಿಗೆ ಏನಾಗಿತ್ತು ಅಂತ ಕೇಳಿ.